ಸೇವೆ ಮುಗಿದ ದಿನ ಸೂರೂ ಹೋದರೆ?

ಪ್ರಶ್ನೆ: ನಾನು 35 ವರ್ಷದ ಸಭಾಪಾಲಕ. ವಾಸ ಚರ್ಚ್ ಕೊಟ್ಟ ಮನೆಯಲ್ಲಿ. ವೇತನ ಕಡಿಮೆ, ಸ್ವಲ್ಪ ಸಾಲವಿದೆ. ನಿವೃತ್ತಿಗೆ ಈಗಲೇ ಉಳಿಸಬೇಕೇ?

ಉತ್ತರ: ಈಗಲೇ ಶುರುಮಾಡಿ, ಮೊತ್ತ ಸಣ್ಣದಾದರೂ ಸರಿ. ವರ್ಷಕ್ಕೆ ಶೇ. 8ರ ಗಳಿಕೆ ತಿಂಗಳ ಚಕ್ರಬಡ್ಡಿಯಂತೆ ಸೇರುತ್ತದೆ ಎಂದುಕೊಳ್ಳಿ. ತಿಂಗಳಿಗೆ 100ರಂತೆ 30 ವರ್ಷ ಕಟ್ಟಿದರೆ ಸುಮಾರು 1,49,000 ಆಗುತ್ತದೆ. 10 ವರ್ಷ ತಡಮಾಡಿದರೆ 59,000 ಮಾತ್ರ. ಕಡಿಮೆ ಕಟ್ಟಿದ್ದು ಬರೀ 12,000! ಸಾಲದ ಬಡ್ಡಿ ಗಳಿಕೆಗಿಂತ ಹೆಚ್ಚಿದ್ದರೆ ಮಾತ್ರ ಬಹುಪಾಲು ಹಣ ಮೊದಲು ಸಾಲಕ್ಕೆ ಹೋಗಲಿ.

ನಿಮ್ಮ ದೊಡ್ಡ ಅಪಾಯ ಮನೆಯದು. ಇಷ್ಟು ವರ್ಷ ಬಾಡಿಗೆ ಉಳಿಯಿತು ನಿಜ, ಆದರೆ ಸ್ವಂತದ್ದೆಂಬ ಆಸ್ತಿ ಬೆಳೆದಿರುವುದಿಲ್ಲ. ನಿಮಗೆ ಅಕಾಲದಲ್ಲಿ ಏನಾದರೂ ಆದರೆ ಕುಟುಂಬವೇ ಮನೆ ಬಿಡಬೇಕಾದೀತು. ಅವಧಿ ವಿಮೆ (ನಿಗದಿತ ಅವಧಿಯೊಳಗೆ ನೀವು ತೀರಿಕೊಂಡರೆ ಕುಟುಂಬಕ್ಕೆ ಹಣ ಕೊಡುವ ಜೀವವಿಮೆ) ಮಾಡಿಸಿ. 6 ತಿಂಗಳ ಖರ್ಚು ಮತ್ತು ಬಾಡಿಗೆ ಮನೆಯ ಮುಂಗಡವನ್ನು ಬೇರೆ ಖಾತೆಯಲ್ಲಿಡಿ. ನಿವೃತ್ತಿಯ ಖರ್ಚಿಗೆ ಬಾಡಿಗೆ ಸೇರಿಸಿಯೇ ಲೆಕ್ಕ ಹಾಕಿ. ಶೇ. 6ರ ಬೆಲೆಯೇರಿಕೆಯಲ್ಲಿ ಇಂದಿನ 100ರ ಖರ್ಚು 24 ವರ್ಷಕ್ಕೆ 400 ದಾಟುತ್ತದೆ.

ಚರ್ಚ್ ಪಿಂಚಣಿಗೆ ಕಟ್ಟುತ್ತಿದ್ದರೆ ವಂತಿಗೆ ನಗದು ವೇತನದ ಮೇಲಷ್ಟೇ ಇದೆಯೇ, ಮನೆಯ ಬಾಡಿಗೆ ಮೌಲ್ಯವೂ ಸೇರಿದೆಯೇ ಎಂದು ಲಿಖಿತವಾಗಿ ಕೇಳಿ. ವರ್ಷಕ್ಕೊಮ್ಮೆ ನಿಮ್ಮ ಹೆಸರಿನ ಖಾತೆಯ ವಿವರ ತರಿಸಿಕೊಳ್ಳಿ. ಬಾಯಿಮಾತಿನ ಭರವಸೆ ಸಮಿತಿ ಬದಲಾದರೆ ನಿಲ್ಲುವುದಿಲ್ಲ.