ತಿಂಗಳುಗಟ್ಟಲೆ ಮುಚ್ಚಿಟ್ಟ ಲ್ಯಾಪ್‌ಟಾಪ್ ಇಷ್ಟು ನಿಧಾನವಾಗುವುದೇಕೆ? ಮಾರಿಬಿಡಲೇ?

ದಯವಿಟ್ಟು ಮಾರಬೇಡಿ. ಬಳಸದೆ ಇಟ್ಟದ್ದರಿಂದ ಅದು ಕೆಟ್ಟಿದೆ ಎಂಬ ನಿಮ್ಮ ಊಹೆಯನ್ನೇ ನಾನು ಒಪ್ಪುವುದಿಲ್ಲ.

ತಂಗಿ ಹಾಸ್ಟೆಲ್‌ಗೆ ಹೋಗುವಾಗ ಮನೆಯಲ್ಲೇ ಬಿಟ್ಟಿದ್ದ ವಿಂಡೋಸ್ 10ರ ಲ್ಯಾಪ್‌ಟಾಪನ್ನು ನಾನು ತೆರೆದದ್ದು ಒಂದು ಮಳೆಗಾಲವೆಲ್ಲ ಕಳೆದ ಮೇಲೆ. ಬಾಣದ ಗುರುತು ಕೂಡ ತಡೆದು ತಡೆದು ಸರಿಯುತ್ತಿತ್ತು. ಯಾವ ಕೆಲಸ ಎಷ್ಟು ಹೊರೆ ಹಾಕುತ್ತಿದೆ ಎಂದು ತೋರಿಸುವ ಟಾಸ್ಕ್ ಮ್ಯಾನೇಜರ್‌ನಲ್ಲಿ ಡಿಸ್ಕ್ ಬಳಕೆ ಶೇ. 100ರಿಂದ ಇಳಿಯಲೇ ಇಲ್ಲ. ತಾಳ್ಮೆಗೆಟ್ಟು ಪವರ್ ಬಟನ್ ಒತ್ತಿಹಿಡಿದು ಆರಿಸಿದೆ, ಮತ್ತೆ ಹಚ್ಚಿದೆ, ಮತ್ತೆ ಆರಿಸಿದೆ.

ಆ ಹೊತ್ತಿಗೆ ಒಳಗೆ ನಡೆಯುತ್ತಿದ್ದುದು ಇದು. ಬಹುಕಾಲ ಇಂಟರ್ನೆಟ್ ಕಾಣದ ಯಂತ್ರ ಬಾಕಿ ಉಳಿದ ಅಪ್‌ಡೇಟ್‌ಗಳನ್ನು ಇಳಿಸಿಕೊಂಡು ಅಳವಡಿಸತೊಡಗುತ್ತದೆ. ವಿಂಡೋಸ್‌ನದೇ ವೈರಸ್ ತಡೆ ತಂತ್ರಾಂಶವಾದ ಡಿಫೆಂಡರ್ ವೈರಸ್‌ಗಳ ಹೊಸ ಪಟ್ಟಿಯನ್ನು ತರಿಸಿಕೊಂಡು ಕಡತಗಳನ್ನು ತಪಾಸಣೆ ಮಾಡುತ್ತದೆ. ಕಡತಗಳನ್ನು ಬೇಗ ಹುಡುಕಿಕೊಡಲು ವಿಂಡೋಸ್ ಇಟ್ಟುಕೊಳ್ಳುವ ಸೂಚಿಯೂ ಅದೇ ಸಮಯಕ್ಕೆ ಪರಿಷ್ಕರಣೆಗೊಳ್ಳುತ್ತದೆ. ನಿಮಿಷಕ್ಕೆ 5400 ಸುತ್ತು ತಿರುಗುವ ಹಾರ್ಡ್ ಡಿಸ್ಕ್‌ನಲ್ಲಿ ಓದುವ ತಲೆಯು ಪ್ರತಿಯೊಂದು ಚೂರು ಮಾಹಿತಿಗೂ ಜಾಗ ಬದಲಿಸಬೇಕಾಗುವುದರಿಂದ ಇಷ್ಟೂ ಕೆಲಸಗಳು ಸಾಲುಗಟ್ಟಿ ನಿಲ್ಲುತ್ತವೆ. ಅಪ್‌ಡೇಟ್ ಅರ್ಧದಲ್ಲಿದ್ದಾಗ ವಿದ್ಯುತ್ ಕಡಿದರೆ ವಿಂಡೋಸ್ ಮುಂದಿನ ಸಲ ಆಗಿದ್ದ ಬದಲಾವಣೆಗಳನ್ನು ಹಿಂತೆಗೆದು ಕೆಲಸವನ್ನು ಮೊದಲಿನಿಂದ ಹಿಡಿಯಬೇಕಾಗಬಹುದು. ಅಂದರೆ ನಿಧಾನವನ್ನು ಹೋಗಲಾಡಿಸಲೆಂದು ನಾನು ಮಾಡುತ್ತಿದ್ದ ಕೆಲಸವೇ ಅದನ್ನು ಬೆಳೆಸುತ್ತಿತ್ತು. ಕೊನೆಗೆ ವಿಂಡೋಸ್ ತೆರೆಯಲೇ ಇಲ್ಲ. ರಿಪೇರಿ ಅಂಗಡಿಯಲ್ಲಿ ಫಾರ್ಮ್ಯಾಟ್ ಮಾಡಿಸಿದಾಗ ತಂಗಿಯ ಪ್ರಾಜೆಕ್ಟ್ ಕಡತಗಳೆಲ್ಲ ಹೋದವು; ನಕಲು ಎಲ್ಲಿಯೂ ಇರಲಿಲ್ಲ.

ಆದ್ದರಿಂದ ಮೊದಲು ನಿಮ್ಮ ಕಡತಗಳನ್ನು ಪೆನ್‌ಡ್ರೈವ್‌ಗೆ ನಕಲು ಮಾಡಿಕೊಳ್ಳಿ. ದಿನಾಂಕ ಸರಿಯಿದೆಯೇ ನೋಡಿ: ಮದರ್‌ಬೋರ್ಡ್‌ನ ಸಣ್ಣ ಬ್ಯಾಟರಿ ಬರಿದಾಗಿ ಗಡಿಯಾರ ಹಿಂದೆ ಉಳಿದಿದ್ದರೆ ಜಾಲತಾಣ ಅಸಲಿಯೆಂದು ಖಚಿತಪಡಿಸುವ ಭದ್ರತಾ ಪ್ರಮಾಣಪತ್ರಗಳ ಅವಧಿ ತಾಳೆಯಾಗದೆ ಜಾಲತಾಣಗಳೂ ತೆರೆಯುವುದಿಲ್ಲ, ಅಪ್‌ಡೇಟ್ ಕೂಡ ಸೋಲಬಹುದು. ಬಳಿಕ ಚಾರ್ಜರ್ ಮತ್ತು ವೈಫೈ ಜೋಡಿಸಿ, ಸ್ಲೀಪ್ ಆಗದಂತೆ ಸೆಟ್ಟಿಂಗ್ ಬದಲಿಸಿ, ರಾತ್ರಿಯಿಡೀ ಮುಟ್ಟದೆ ಬಿಡಿ. ಬೆಳಿಗ್ಗೆ ಶಟ್‌ಡೌನ್ ಮಾಡದೆ ರೀಸ್ಟಾರ್ಟ್ ಆಯ್ಕೆಯನ್ನೇ ಒತ್ತಿ. ಬೇಗ ತೆರೆದುಕೊಳ್ಳಲೆಂದು ಇರುವ ಫಾಸ್ಟ್ ಸ್ಟಾರ್ಟಪ್ ಸೆಟ್ಟಿಂಗ್ ಚಾಲೂ ಇದ್ದರೆ ಶಟ್‌ಡೌನ್‌ನಿಂದ ವಿಂಡೋಸ್ ಪೂರ್ತಿ ಹೊಸದಾಗಿ ಶುರುವಾಗುವುದಿಲ್ಲ.

ಅನಂತರವೂ ಡಿಸ್ಕ್ ಬಳಕೆ ಇಳಿಯದಿದ್ದರೆ ಹಾರ್ಡ್ ಡಿಸ್ಕ್ ತೆಗೆಸಿ, ತಿರುಗುವ ಭಾಗಗಳಿಲ್ಲದ ವೇಗದ ಡಿಸ್ಕ್ ಆದ ಎಸ್‌ಎಸ್‌ಡಿ ಹಾಕಿಸಿ. ನಾವೂ ಕೊನೆಗೆ ಅದನ್ನೇ ಮಾಡಿದೆವು. ತಂಗಿ ಈಗಲೂ ಅದೇ ಲ್ಯಾಪ್‌ಟಾಪ್ ಬಳಸುತ್ತಿದ್ದಾಳೆ.