ಸುಮ್ಮನೆ ಕೂತೇ ಸೆಲ್ ಖಾಲಿ ಮಾಡುವ ಪೆಟ್ಟಿಗೆ

ಪ್ರಶ್ನೆ: ಅಂಗಳದಲ್ಲಿಡಲು ಒಂದು ಪೆಟ್ಟಿಗೆ ಮಾಡಿದ್ದೇನೆ. ಯಾರಾದರೂ ಹತ್ತಿರ ಬಂದರೆ ಹನ್ನೆರಡು ಬಣ್ಣದ ಎಲ್‌ಇಡಿ ಬೆಳಗಿ ಹಕ್ಕಿಯ ದನಿ ಕೇಳಿಸುತ್ತದೆ. ಎಲ್ಲವನ್ನೂ ನಡೆಸುವ ಪುಟ್ಟ ಕಂಪ್ಯೂಟರಾದ ಆರ್ಡುಯಿನೊ ಉನೊ ಬೋರ್ಡು, ದನಿ ನುಡಿಸುವ ಎಂಪಿ3 ಮಾಡ್ಯೂಲು, 2600 ಎಂಎಎಚ್ (ಮಿಲಿಆಂಪ್-ಗಂಟೆ)‌ನ ಒಂದು ಲಿಥಿಯಂ ಸೆಲ್, 5 ವೋಲ್ಟಿಗೆ ಏರಿಸುವ ಬೂಸ್ಟರ್, 6 ವೋಲ್ಟ್ 1 ವಾಟ್‌ನ ಸೋಲಾರ್ ಪ್ಯಾನೆಲ್ ಇವೆ. ಬೆಳಿಗ್ಗೆ ಇಟ್ಟರೆ ಮರುದಿನ ಬೆಳಗಾಗುವಷ್ಟರಲ್ಲಿ ಸತ್ತಿರುತ್ತದೆ. ಆಮೇಲೆ ಬಿಸಿಲೇರಿದಾಗ ಜೀವ ಬಂದು ಸಂಜೆಗೆ ಮತ್ತೆ ಹೋಗುತ್ತದೆ. ಮೀಟರಿನಲ್ಲಿ ಪ್ಯಾನೆಲ್ 6 ವೋಲ್ಟ್ ಸರಿಯಾಗಿಯೇ ತೋರಿಸುತ್ತದೆ. ದೊಡ್ಡ ಪ್ಯಾನೆಲ್ ಹಾಕಲೇ?

ಉತ್ತರ: ಈಗಲೇ ಬೇಡ. ಇಂಥದ್ದೇ ಪೆಟ್ಟಿಗೆಗೆ ಎರಡು ಸಲ ಪ್ಯಾನೆಲ್ ಬದಲಿಸಿ, ಮೂರನೆಯದನ್ನು ಕೊಳ್ಳುವ ಮುಂಚೆ ಬುದ್ಧಿ ಬಂದವನು ನಾನು. ಸೆಲ್ಲಿನ ಒಂದು ತಂತಿ ಬಿಡಿಸಿ ನಡುವೆ ಮೀಟರ್ ಜೋಡಿಸಿದೆ. ಒಂದು ದೀಪವೂ ಉರಿಯದಿರುವಾಗ ನೂರು ಮಿಲಿಆಂಪ್ ಮೀರಿ ಹರಿಯುತ್ತಿತ್ತು!

ನಿಮ್ಮದೂ ಅದೇ ಕಥೆ. ಉನೊ ಬೋರ್ಡು ಏನೂ ಮಾಡದೆ ಕೂತರೂ 45ರಷ್ಟು ಮಿಲಿಆಂಪ್ ತಿನ್ನುತ್ತದೆ. ಎಂಪಿ3 ಮಾಡ್ಯೂಲು ಬಾಯಿ ಮುಚ್ಚಿಕೊಂಡೇ 20ರ ಆಸುಪಾಸು. ಒಳಗೇ ಚಿಪ್ ಇರುವ ಬಣ್ಣದ ಎಲ್‌ಇಡಿಗಳಾದರೆ ಆರಿದ್ದರೂ ತಲಾ ಸುಮಾರು 1. ಒಟ್ಟು 77. ಇದು 5 ವೋಲ್ಟಿನ ಲೆಕ್ಕ. ಬೂಸ್ಟರಿನ ನಷ್ಟವೂ ಸೇರಿ 3.7 ವೋಲ್ಟಿನ ಸೆಲ್ಲಿನಿಂದ 120ರಷ್ಟು ಹೋಗುತ್ತದೆ. ದಿನಕ್ಕೆ 2880 ಎಂಎಎಚ್ ಖರ್ಚು. ಪ್ಯಾನೆಲ್ಲಿನ ಗಳಿಕೆಯೋ, ನಾಲ್ಕು ಗಂಟೆ ಗಟ್ಟಿ ಬಿಸಿಲು ಸಿಕ್ಕರೆ 160 ಮಿಲಿಆಂಪ್‌ನಂತೆ 640 ಎಂಎಎಚ್.

ಆ 6 ವೋಲ್ಟನ್ನು ನಂಬಬೇಡಿ. ಏನೂ ಜೋಡಿಸದೆ ಅಳೆದರೆ ಮೋಡದ ದಿನವೂ ಪ್ಯಾನೆಲ್ ಹೆಚ್ಚುಕಡಿಮೆ ಅಷ್ಟೇ ತೋರಿಸುತ್ತದೆ. ಬಿಸಿಲಿನ ಜೊತೆ ಏರಿಳಿಯುವುದು ಕರೆಂಟು.

ಉನೊ ತೆಗೆದು 8 ಮೆಗಾಹರ್ಟ್ಜ್‌ನ ಪ್ರೊ ಮಿನಿ ಎಂಬ ಚಿಕ್ಕ ಆರ್ಡುಯಿನೊ ಬೋರ್ಡು ಹಾಕಿ. ಅದರ ಪವರ್ ಎಲ್‌ಇಡಿಯನ್ನೂ ವೋಲ್ಟೇಜ್ ಹಿಡಿದಿಡುವ ರೆಗ್ಯುಲೇಟರನ್ನೂ ಕಿತ್ತು, ಸೆಲ್ಲಿನಿಂದ ನೇರವಾಗಿ ನಡೆಸಿ, ಚಿಪ್ಪನ್ನು ನಿದ್ದೆಗೆ ಕಳಿಸಿ. ಎಚ್ಚರವಾಗಿರಬೇಕಾದದ್ದು ಚಲನೆ ಗುರುತಿಸುವ ಪಿಐಆರ್ ಸೆನ್ಸರ್ ಒಂದೇ; ಎಎಂ312 ಎಂಬ ಮಾದರಿಯಾದರೆ ಅದಕ್ಕೂ ಬೂಸ್ಟರ್ ಬೇಡ. ಬೂಸ್ಟರ್, ಎಲ್‌ಇಡಿ, ಎಂಪಿ3 ಮೂರನ್ನೂ ಸ್ವಿಚ್ಚಿನಂತೆ ಕೆಲಸ ಮಾಡುವ ಒಂದು ಪಿ-ಚಾನೆಲ್ ಮಾಸ್‌ಫೆಟ್‌ನ ಹಿಂದೆ ಇಟ್ಟು, ಯಾರಾದರೂ ಬಂದಾಗಷ್ಟೇ ವಿದ್ಯುತ್ ಕೊಡಿ. ಇಲ್ಲಿ ನಾನು ಒಂದು ಭಾನುವಾರ ಪೂರ್ತಿ ಕಳೆದುಕೊಂಡಿದ್ದೇನೆ: ವಿದ್ಯುತ್ ಕಡಿದರೂ ಎಲ್‌ಇಡಿ ಮಂಕಾಗಿ ಮಿಣುಕುತ್ತಿತ್ತು. ಎಲ್‌ಇಡಿಗಳಿಗೆ ಆದೇಶ ಕಳಿಸುವ ಡೇಟಾ ಪಿನ್ ಹೈ (ವೋಲ್ಟೇಜ್ ಇರುವ ಸ್ಥಿತಿ) ಆಗಿಯೇ ಉಳಿದು, ಆ ತಂತಿಯಿಂದಲೇ ಕರೆಂಟು ಕಳ್ಳದಾರಿಯಲ್ಲಿ ನುಸುಳುತ್ತಿತ್ತು. ನಿದ್ದೆಗೆ ಮುಂಚೆ ಡೇಟಾ ಪಿನ್ನುಗಳನ್ನೆಲ್ಲ ಲೋ (ಸೊನ್ನೆ ವೋಲ್ಟ್) ಮಾಡಿ.

ಇನ್ನು ಸೆಲ್ಲಿನಿಂದ 500 ಮಿಲಿಆಂಪ್‌ನಂತೆ 20 ಸೆಕೆಂಡಿನ ಹಾಡು ದಿನಕ್ಕೆ ನೂರು ಸಲ ನಡೆದರೂ ಖರ್ಚು 280 ಎಂಎಎಚ್. ನಿಮ್ಮ ಹಳೆಯ ಪ್ಯಾನೆಲ್ಲೇ ಸಾಕು, ವಾರವಿಡೀ ಮೋಡ ಕವಿದರೂ ಸೆಲ್ ತಡೆಯುತ್ತದೆ.

ಪ್ಯಾನೆಲ್ ಇಡುವ ಜಾಗ ನೋಡಿಕೊಳ್ಳಿ. ಅದರೊಳಗಿನ ತುಣುಕುಗಳು ಸರಪಳಿಯಂತೆ ಜೋಡಿಸಿರುತ್ತವೆ. ಒಂದರ ಮೇಲೆ ನೆರಳು ಬಿದ್ದರೂ ಎಲ್ಲದರ ಹರಿವು ಕಟ್ಟುತ್ತದೆ. ನಮ್ಮಲ್ಲಿ ಒಣಹಾಕಿದ ಒಂದು ಟವೆಲ್ಲಿನ ತುದಿ ಆ ಕೆಲಸ ಮಾಡಿತ್ತು. ಲಿಥಿಯಂ ಸೆಲ್ಲಿಗೆ ಮಾತ್ರ ನೆರಳೇ ಬೇಕು. 45 ಡಿಗ್ರಿ ಮೀರಿದ ಬಿಸಿಯಲ್ಲಿ ಅದನ್ನು ಚಾರ್ಜ್ ಮಾಡಬಾರದು, ಬಿಸಿಲಿಗಿಟ್ಟ ಕಪ್ಪು ಡಬ್ಬಿ ಆ ಮಟ್ಟ ಮುಟ್ಟಲು ಹೆಚ್ಚು ಹೊತ್ತು ಬೇಡ. ಪ್ಯಾನೆಲ್ಲಿನ ಹಿಂದೆ, ಗಾಳಿಯಾಡುವಷ್ಟು ಸಂದು ಬಿಟ್ಟು ಪೆಟ್ಟಿಗೆ ಕೂರಿಸಿ.