ರಿಪೋರ್ಟ್‌ನಲ್ಲಿ ಜೀಟಾ ಪೊಟೆನ್ಷಿಯಲ್ ಮೈನಸ್ 35 ಮಿಲಿವೋಲ್ಟ್ ಅಂತಿದೆ. ಇದು ನನ್ನ ಸಿಲಿಕಾ ಕಣಗಳ ಚಾರ್ಜ್ ತಾನೇ?

ಅಲ್ಲ. ಜೀಟಾ ಅಳೆಯುವ ಮಷೀನು ಚಾರ್ಜ್ ಅಳೆಯುವುದಿಲ್ಲ. ಕಣದ ವೋಲ್ಟೇಜನ್ನೂ ನೇರವಾಗಿ ಅಳೆಯುವುದಿಲ್ಲ. ಅದು ಅಳೆಯುವುದು ವಿದ್ಯುತ್ ಕೊಟ್ಟಾಗ ಕಣಗಳು ಓಡುವ ವೇಗವನ್ನು ಮಾತ್ರ, ಉಳಿದದ್ದು ಲೆಕ್ಕ. ಈ ಕೆಲಸ ಮಾಡುವವರಲ್ಲೂ ಎಷ್ಟೋ ಜನ ಇದನ್ನು ಗಮನಿಸುವುದಿಲ್ಲ ಅನ್ನುವುದು ನನ್ನ ಬೇಸರ.

ನೀರಿನಲ್ಲಿರುವ ಸಿಲಿಕಾದ ಮೈಯಿಂದ ಹೈಡ್ರೋಜನ್ ಅಯಾನುಗಳು ಬಿಟ್ಟುಹೋಗುತ್ತವೆ, ಮೇಲ್ಮೈ ನೆಗೆಟಿವ್ ಆಗುತ್ತದೆ. ಆಗ ನೀರಿನಲ್ಲಿರುವ ಪಾಸಿಟಿವ್ ಅಯಾನುಗಳು ಅದರ ಸುತ್ತ ಸೇರುತ್ತವೆ. ಕೆಲವು ಮೈಗೆ ಅಂಟಿಕೊಂಡಿರುತ್ತವೆ, ಉಳಿದವು ಸಡಿಲವಾಗಿ ಹರಡಿರುತ್ತವೆ. ಕಣ ಚಲಿಸುವಾಗ ನೀರಿನ ಒಂದು ತೆಳು ಪದರವನ್ನೂ ಜೊತೆಗೆ ಎಳೆದುಕೊಂಡು ಹೋಗುತ್ತದೆ. ಆ ಪದರದ ಹೊರ ಅಂಚಿನಲ್ಲಿರುವ ವಿದ್ಯುತ್ ವಿಭವವೇ (ವೋಲ್ಟೇಜೇ) ಜೀಟಾ. ಅಂದರೆ ಅದು ಕಣ ಮತ್ತು ದ್ರವ ಎರಡಕ್ಕೂ ಸೇರಿದ ಸಂಖ್ಯೆ.

ಇನ್ನು ಅಳತೆ. ವಿದ್ಯುತ್ ಕೊಟ್ಟರೆ ನೀರಿನೊಳಗಿನ ಜೇಡಿಮಣ್ಣಿನ ಕಣಗಳು ಓಡುತ್ತವೆ ಅಂತ ಮಾಸ್ಕೋದಲ್ಲಿ ರಾಯ್ಸ್ ಎಂಬ ವಿಜ್ಞಾನಿ 19ನೇ ಶತಮಾನದ ಮೊದಲ ದಶಕದಲ್ಲೇ ಕಂಡಿದ್ದರು. ಈಗ ಅದೇ ಓಟವನ್ನು ಲೇಸರ್‌ನಿಂದ ನೋಡುತ್ತೇವೆ. ನಿಮ್ಮ ಕಣಗಳು ಸೆಂಟಿಮೀಟರಿಗೆ 10 ವೋಲ್ಟ್ ಕೊಟ್ಟರೆ ಸೆಕೆಂಡಿಗೆ ಸುಮಾರು 27 ಮೈಕ್ರೋಮೀಟರ್ ಓಡುತ್ತವೆ. ಓಡುವ ಕಣದಿಂದ ಚದುರಿದ ಬೆಳಕಿನ ಆವರ್ತನ ಸ್ವಲ್ಪ ಬದಲಾಗುತ್ತದೆ. ಕೆಂಪು ಲೇಸರ್‌ನ ಆವರ್ತನ ಸುಮಾರು 470 ಲಕ್ಷ ಕೋಟಿ ಹರ್ಟ್ಜ್. ಬದಲಾಗುವುದು ಹತ್ತಿಪ್ಪತ್ತು ಹರ್ಟ್ಜ್ ಅಷ್ಟೇ! ಚದುರಿದ ಬೆಳಕನ್ನು ಅದೇ ಲೇಸರ್‌ನ ಇನ್ನೊಂದು ಕಿರಣದ ಜೊತೆ ಬೆರೆಸಿ ಈ ವ್ಯತ್ಯಾಸವನ್ನು ಹಿಡಿಯುತ್ತಾರೆ. ನನಗೆ ಇದು ಇವತ್ತಿಗೂ ಬೆರಗು.

ತೊಂದರೆ ಶುರುವಾಗುವುದು ಲೆಕ್ಕದಲ್ಲಿ. ವೇಗದಿಂದ ಜೀಟಾ ತೆಗೆಯಲು ಸ್ಮೊಲುಕೋವ್‌ಸ್ಕಿ 1903ರಲ್ಲಿ ಕೊಟ್ಟ ಸೂತ್ರವನ್ನೇ ಸಾಮಾನ್ಯವಾಗಿ ಹಾಕುತ್ತಾರೆ. ಕಣದ ಗಾತ್ರದ ಮುಂದೆ ಅದರ ಸುತ್ತ ಹರಡಿರುವ ಅಯಾನುಗಳ ಪದರ ತುಂಬ ತೆಳುವಾಗಿದ್ದರೆ ಮಾತ್ರ ಅದು ಸರಿ. ಪದರ ದಪ್ಪಗಿದ್ದರೆ ಹ್ಯುಕೆಲ್ ಸೂತ್ರ ಬೇಕು, ಆಗ ಅದೇ ವೇಗಕ್ಕೆ ಒಂದೂವರೆ ಪಟ್ಟು ಜೀಟಾ ಬರುತ್ತದೆ. ನಿಮ್ಮ ಮೈನಸ್ 35 ಹೋಗಿ ಮೈನಸ್ 52 ಆಗುತ್ತದೆ! ಇವೆರಡರ ನಡುವಿನ ದಾರಿಯನ್ನು ಹೆನ್ರಿ 1931ರಲ್ಲಿ ಕೊಟ್ಟರು. ಪದರದ ದಪ್ಪವನ್ನು ಉಪ್ಪು ನಿರ್ಧರಿಸುತ್ತದೆ. ಲೀಟರಿಗೆ 0.1 ಮೋಲ್ ಅಡಿಗೆ ಉಪ್ಪಿದ್ದರೆ ಸುಮಾರು 1 ನ್ಯಾನೋಮೀಟರ್, 0.001 ಮೋಲ್ ಇದ್ದರೆ ಸುಮಾರು 10. ನಿಮ್ಮ ಕಣ 20 ನ್ಯಾನೋಮೀಟರ್‌ನದ್ದಾಗಿದ್ದು ನೀರಿನಲ್ಲಿ ಉಪ್ಪು ಕಡಿಮೆ ಇದ್ದರೆ ಸ್ಮೊಲುಕೋವ್‌ಸ್ಕಿ ಸೂತ್ರವನ್ನು ನಂಬಬೇಡಿ.

ಪಿಎಚ್ ಕೂಡ ಅಷ್ಟೇ ಮುಖ್ಯ. ಸಿಲಿಕಾದ ಜೀಟಾ ಪಿಎಚ್ 2–3ರ ಹತ್ತಿರ ಸೊನ್ನೆಯಾಗುತ್ತದೆ, ಪಿಎಚ್ ಏರಿದಂತೆ ಹೆಚ್ಚು ನೆಗೆಟಿವ್ ಆಗುತ್ತದೆ. ಅಲ್ಯುಮಿನಾಕ್ಕೆ ಸೊನ್ನೆ ಬರುವುದು ಪಿಎಚ್ 9ರ ಸುತ್ತ. ಅದಕ್ಕೇ ಸ್ಯಾಂಪಲ್ಲನ್ನು ಸುಮ್ನೆ ಡಿಸ್ಟಿಲ್ಡ್ ವಾಟರ್ ಹಾಕಿ ತೆಳು ಮಾಡಬಾರದು. ಪಿಎಚ್, ಉಪ್ಪು ಎರಡೂ ಬದಲಾಗುತ್ತವಲ್ವಾ? ಸೆಂಟ್ರಿಫ್ಯೂಜ್ ಮಾಡಿ, ಮೇಲೆ ನಿಂತ ತಿಳಿ ದ್ರವದಲ್ಲೇ ತೆಳು ಮಾಡಿ. ತೆಳು ಮಾಡಲೇಬಾರದ ಗಟ್ಟಿ ಸ್ಯಾಂಪಲ್ ಆದರೆ ಅಲ್ಟ್ರಾಸೌಂಡ್ ಕಳಿಸಿ, ಕಣಗಳು ಅಲುಗಿದಾಗ ಹುಟ್ಟುವ ವೋಲ್ಟೇಜ್ ಅಳೆಯುವ ಉಪಕರಣಗಳಿವೆ.

ಜೀಟಾ, ಪ್ಲಸ್ ಆಗಲಿ ಮೈನಸ್ ಆಗಲಿ, 30 ಮಿಲಿವೋಲ್ಟ್ ದಾಟಿದರೆ ಕಣಗಳು ಗಂಟು ಕಟ್ಟುವುದಿಲ್ಲ ಅಂತ ಹೇಳುತ್ತಾರೆ. ಅದು ಬರೀ ಅಂದಾಜು. ಪಾಲಿಮರ್ ಹೊದಿಸಿದ ಕಣಗಳು ಸೊನ್ನೆಯ ಹತ್ತಿರವೂ ಗಂಟಾಗದೆ ಇರಬಲ್ಲವು.

ನಿಮಗೆ ನಿಜವಾಗಿಯೂ ಚಾರ್ಜೇ ಬೇಕಿದ್ದರೆ ಆಸಿಡ್–ಬೇಸ್ ಟೈಟ್ರೇಷನ್ (ಆಸಿಡ್ ಇಲ್ಲವೇ ಬೇಸನ್ನು ಸ್ವಲ್ಪಸ್ವಲ್ಪವೇ ಸೇರಿಸಿ ಅಳೆಯುವುದು) ಮಾಡಿಸಿ. ಜೀಟಾ ಸಾಕು ಅಂದರೆ ಲ್ಯಾಬ್‌ನವರನ್ನು ಪಿಎಚ್, ಉಪ್ಪಿನ ಪ್ರಮಾಣ, ತಾಪಮಾನ, ಬಳಸಿದ ಸೂತ್ರ ಯಾವುದು ಅಂತ ಕೇಳಿ. ಮೊಬಿಲಿಟಿ ಸಂಖ್ಯೆಯನ್ನೂ, ಅಂದರೆ ಕೊಟ್ಟ ವಿದ್ಯುತ್ತಿಗೆ ಕಣಗಳು ಎಷ್ಟು ವೇಗವಾಗಿ ಓಡಿದವು ಅನ್ನುವುದನ್ನೂ, ಕೇಳಿ ಪಡೆಯಿರಿ. ಸೂತ್ರ ತಪ್ಪಾಗಿದ್ದರೆ ಅದರಿಂದ ನೀವೇ ಮತ್ತೆ ಲೆಕ್ಕ ಹಾಕಬಹುದು.